ಪ್ಲಾಸ್ಟಿಕ್ ರಾಜು ಮನೆಯ ಸ್ಟೀಲ್ ಪಾತ್ರೆ

ಮಗಳ ಮದುವೆಗೆ ಕೊಟ್ಟ ಸಾಮಾನು ವಾಪಸ್ ಬಂದರೆ ಊರು ಏನಂದುಕೊಳ್ಳುತ್ತದೆ, ನೀವೇ ಹೇಳಿ. ಮಧುಗಿರಿಯಿಂದ ಬಂದ ಬಸ್ಸಿನ ಕಂಡಕ್ಟರು ಕೊಡಿಗೇನಹಳ್ಳಿ ಸ್ಟ್ಯಾಂಡಿನಲ್ಲಿ ಎರಡು ಗೋಣಿಚೀಲ ಇಳಿಸಿ, ಚಿಕ್ಕರಾಜು ಅಂದರೆ ಯಾರು, ಸಿರಾದ ಬೀಗರು ಕಳಿಸಿದ್ದಾರೆ ಎಂದು ಗಂಟಲು ಹರಿಯುವಂತೆ ಕೂಗಿದ. ಟೀ ಅಂಗಡಿಯಲ್ಲಿ ಕೂತವರೆಲ್ಲ ಕತ್ತು ಉದ್ದ ಮಾಡಿದರು. ಚೀಲ ಬಿಚ್ಚಿ ನೋಡಿದರೆ ಮಗಳು ಚಿತ್ರಾಳ ಸಂಸಾರಕ್ಕೆಂದು ನಾನೇ ಆರಿಸಿ ಕೊಟ್ಟಿದ್ದ ಡಬ್ಬ, ಬೇಸಿನ್ನು, ಜಗ್ಗು, ಟಿಫನ್ ಕ್ಯಾರಿಯರ್ರು, ಎಲ್ಲ ತೊಳೆದು ಒರೆಸಿ ಅಚ್ಚುಕಟ್ಟಾಗಿ ಜೋಡಿಸಿದ್ದರು. ಸಂಜೆಯೊಳಗೆ, ಚಿಕ್ಕರಾಜು ಮಗಳನ್ನು ಗಂಡನ ಮನೆಯವರು ಬಿಟ್ಟರಂತೆ ಎಂದು ಊರೆಲ್ಲ ಸುದ್ದಿ. ಕೆಳಗಿನ ಬೀದಿಯ ಅಜ್ಜಿಯೊಬ್ಬಳು ಬಂದು ನನ್ನ ಹೆಂಡತಿ ಗಂಗಾಲಕ್ಷ್ಮಿಯನ್ನು ತಬ್ಬಿಕೊಂಡು ಅತ್ತೂ ಹೋದಳು.

ನನಗೆ ಪಿತ್ತ ನೆತ್ತಿಗೇರಿತು. ಪ್ಲಾಸ್ಟಿಕ್ ಸಾಮಾನು ಮಾರುವುದೇ ನನ್ನ ಕಸುಬು. ಲಗೇಜ್ ಆಟೋ ತುಂಬಾ ಬಿಂದಿಗೆ, ಬಕೆಟ್ಟು ಕಟ್ಟಿಕೊಂಡು ಮಧುಗಿರಿ, ಕೊರಟಗೆರೆ, ಪಾವಗಡ ಎಂದು ಸಂತೆ ಸುತ್ತುತ್ತೇನೆ. ಜನ ನನ್ನನ್ನು ಕರೆಯುವುದೇ ಪ್ಲಾಸ್ಟಿಕ್ ರಾಜು ಎಂದು. ಕರೆಯಲಿ. ಮಗಳನ್ನು ಓದಿಸಿದ್ದು, ಮದುವೆ ಮಾಡಿದ್ದು ಇದೇ ಬಕೆಟ್ಟುಗಳು. ಅವನ್ನು ಗೋಣಿಚೀಲಕ್ಕೆ ತುಂಬಿ ವಾಪಸ್ ಕಳಿಸುವುದೆಂದರೆ ನನ್ನ ಮುಖಕ್ಕೇ ಉಗಿದ ಹಾಗೆ.

ಫೋನು ಮಾಡಿದಾಗ ವಿಷಯ ತಿಳಿಯಿತು. ನಮ್ಮ ಬೀಗಿತ್ತಿ ಕ್ಯಾತಮ್ಮ ಅವರೂರಿನ ಅಂಗನವಾಡಿಯಲ್ಲಿ ಸಹಾಯಕಿ. ಯಾವುದೋ ತರಬೇತಿಗೆ ಹೋಗಿದ್ದಳಂತೆ. ಬಿಸಿ ಊಟ, ಬಿಸಿ ಹಾಲು ಪ್ಲಾಸ್ಟಿಕ್ಕಿಗೆ ಹಾಕಿದರೆ ಅದರೊಳಗಿನ ಕೆಮಿಕಲ್ಲು ಊಟಕ್ಕೆ ಇಳಿಯಬಹುದು, ಬಸುರಿಯರೂ ಎಳೆಮಕ್ಕಳೂ ಇರುವ ಮನೆಯವರು ಜೋಪಾನವಾಗಿರಬೇಕು ಎಂದು ಡಾಕ್ಟರು ಅಲ್ಲಿ ಹೇಳಿದರಂತೆ. ಚಿತ್ರಾಗೆ ಆಗ ಏಳು ತಿಂಗಳು. ಡಾಕ್ಟರು ಹೇಳಿದ್ದು ಇಲಿಯಷ್ಟಿದ್ದರೆ ಕ್ಯಾತಮ್ಮ ಕೇಳಿಸಿಕೊಂಡಿದ್ದು ಹುಲಿಯಷ್ಟು. ಅಡುಗೆಮನೆ ಖಾಲಿ ಮಾಡಿದಳು, ಆಮೇಲೆ ಬಾಚಣಿಗೆ ತೆಗೆದು ಮರದ್ದು ತಂದಳು, ಕೊನೆಗೆ ದೇವರ ಫೋಟೋಕ್ಕೆ ಹಾಕಿದ್ದ ಪ್ಲಾಸ್ಟಿಕ್ ಹಾರವನ್ನೂ ಬಿಡಲಿಲ್ಲ. ಪ್ಲಾಸ್ಟಿಕ್ ಕುರ್ಚಿ ಹೊರಗೆ ಹೋಗಿದ್ದರಿಂದ ನನ್ನ ಅಳಿಯ ಸುನಿಲ್‌ಕುಮಾರ ಈಗ ಒರಳುಕಲ್ಲಿನ ಮೇಲೆ ಕೂತು ಟೀವಿ ನೋಡುತ್ತಾನಂತೆ.

ಅಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲೇ ಆಗಬೇಕು, ಅದು ನಮ್ಮಲ್ಲಿ ಮೊದಲಿಂದ ಬಂದ ಪದ್ಧತಿ. ಕ್ಯಾತಮ್ಮ ಫೋನಿನಲ್ಲಿ ನಯವಾಗಿಯೇ ಹೇಳಿದಳು. ನಿಮ್ಮದು ಪ್ಲಾಸ್ಟಿಕ್ ಗೋಡೌನು, ಅಲ್ಲಿಗೆ ಹೆಂಗೆ ಕಳಿಸಲಿ, ಭಾನುವಾರ ನಾನೇ ಬಂದು ಮನೆ ನೋಡುತ್ತೇನೆ, ಮನಸ್ಸಿಗೆ ಬಂದರೆ ಕಳಿಸುತ್ತೇನೆ, ಇಲ್ಲದಿದ್ದರೆ ಬಾಣಂತನ ಸಿರಾದಲ್ಲೇ ಆಗಲಿ ಎಂದಳು.

ಫೋನಿಟ್ಟ ಮೇಲೆ ಗಂಗಾಲಕ್ಷ್ಮಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಗ್ಳು ಬರ್ಲಿಲ್ಲ ಅಂದ್ರೆ ನಾನೇ ಸಿರಾಕ್ ಹೋಯ್ತೀನಿ. ನೀನೂ ನಿನ್ ಬೇಸಿನ್ನೂ ಇಲ್ಲೇ ಸಂಸಾರ ಮಾಡ್ಕಳ್ಳಿ" ಎಂದಳು.

ಅವಳು ಆ ಮಾತು ಹೇಳಬೇಕಾಗಿಯೇ ಇರಲಿಲ್ಲ. ಚಿತ್ರಾ ಹೋದ ಮೇಲೆ ನಮ್ಮ ಮನೆಯಲ್ಲಿ ಮಾತೇ ಇಲ್ಲ. ಸಂತೆಯಲ್ಲಿ ದಿನವಿಡೀ ಬಾಯಿ ಬಡಿದುಕೊಳ್ಳುವ ನನಗೆ ಮನೆಯಲ್ಲಿ ಒಂದು ಬೈಗುಳಕ್ಕೆ ಎದುರುತ್ತರ ಕೊಡುವವರಿಲ್ಲ. ಮಗಳು ಬರುತ್ತಾಳೆ, ಮೊಮ್ಮಗು ನಮ್ಮ ಜಗಲಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತದೆ ಎಂದು ಯುಗಾದಿಯಿಂದ ಕಾಯುತ್ತಿದ್ದೆ.

ಆದರೆ ನಮ್ಮ ಮನೆಯಲ್ಲಿ ಸ್ಟೀಲು ಎಂಬುದು ಹೆಸರಿಗೂ ಇಲ್ಲ. ಮುಚ್ಚಳ ಕಳೆದುಹೋದ ಡಬ್ಬ, ಬಾಯಿ ಸೀಳಿದ ಬಕೆಟ್ಟು, ಸಂತೆಯಲ್ಲಿ ಯಾರೂ ಮುಟ್ಟದ್ದೆಲ್ಲ ಬಂದು ಸೇರುವುದು ನಮ್ಮ ಅಡುಗೆಮನೆಗೆ. ಒಲೆಯ ಮೇಲಿಡುವ ಪಾತ್ರೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಪ್ಲಾಸ್ಟಿಕ್ಕೇ. ನಾನು ತಲೆ ಓಡಿಸಿದೆ. ಪಕ್ಕದ ಮನೆಯ ಕುರಿ ಸಾಕುವ ಕದರಪ್ಪನಿಂದ ಹಿಡಿದು ಬೀದಿಯ ಕೊನೆಯವರೆಗೆ ಮನೆ ಮನೆಗೂ ಹೋಗಿ, ಭಾನುವಾರ ಒಂದು ದಿನದ ಮಟ್ಟಿಗೆ ನಿಮ್ಮ ಸ್ಟೀಲು ನನಗೆ ಕೊಡಿ, ಬದಲಿಗೆ ನನ್ನ ಹೊಸ ಪ್ಲಾಸ್ಟಿಕ್ ಇಟ್ಟುಕೊಳ್ಳಿ, ಸಂಜೆ ನಿಮ್ಮ ಪಾತ್ರೆ ನಿಮಗೆ, ಪ್ಲಾಸ್ಟಿಕ್ಕೂ ನಿಮಗೇ ಎಂದೆ. ಬಿಟ್ಟಿ ಸಿಕ್ಕರೆ ಯಾರು ಬಿಡುತ್ತಾರೆ. ನಾನು ಕೇಳದ ಬೀದಿಯವರೂ ತಟ್ಟೆ ಲೋಟ ಹಿಡಿದುಕೊಂಡು ಬಂದರು.

ಉಳಿದ ಮಾಲನ್ನೆಲ್ಲ ಕದರಪ್ಪನ ಕುರಿ ರೊಪ್ಪಕ್ಕೆ ತುಂಬಿಸಿದೆ. ಕುರಿಗಳು ಒಳಗೆ ಹೋಗಲೊಲ್ಲದೆ ಬೀದಿಯಲ್ಲೇ ನಿಂತು ಅರಚಿದವು. ಅದೇನು ಗಲಾಟೆ ಎಂದು ಬೀಗಿತ್ತಿ ಕೇಳಿದರೆ ಕುರಿಗೆ ಜ್ವರ ಎನ್ನು ಎಂದು ಗಂಗಾಲಕ್ಷ್ಮಿಗೆ ಹೇಳಿಕೊಟ್ಟೆ.

ಭಾನುವಾರ ಕ್ಯಾತಮ್ಮ ಬಂದಳು. ಕಾಲು ತೊಳೆದವಳೇ ಅಡುಗೆಮನೆಗೆ ನುಗ್ಗಿದಳು. ಗೂಡಿನಲ್ಲಿ ಸಾಲಾಗಿ ಹೊಳೆಯುತ್ತಿದ್ದ ಡಬ್ಬಗಳ ಮುಚ್ಚಳ ತೆಗೆದು ಮೂಸಿದಳು, ಮಂಚದ ಕೆಳಗೆ ಬಗ್ಗಿ ನೋಡಿದಳು, ನೀರಿನ ಹಂಡೆಗೆ ಬೆರಳಿನಿಂದ ತಟ್ಟಿ ಸದ್ದು ಕೇಳಿದಳು. ನನ್ನ ಮನೆ ನನಗೇ ಗುರುತು ಸಿಗುತ್ತಿರಲಿಲ್ಲ. ಪರವಾಗಿಲ್ಲ ಬೀಗರೆ, ಒಂದು ಚೂರೂ ಪ್ಲಾಸ್ಟಿಕ್ ಇಲ್ಲ ಎಂದಳು. ನಾನು ಗಂಗಾಲಕ್ಷ್ಮಿಯ ಕಡೆ ನೋಡಿ ಮೀಸೆ ತಿರುವಿದೆ.

ಊಟಕ್ಕೆ ಕೂತೆವು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಸ್ಟೀಲಿನ ಮೇಲೆ ಹೆಸರು ಕೆತ್ತಿಸುವುದು ನಮ್ಮ ಕಡೆಯ ಜನರ ಚಾಳಿ ಎಂಬುದು ಆಗ ನನ್ನ ಬುದ್ಧಿಗೆ ಹೊಳೆಯಿತು. ಅಷ್ಟರಲ್ಲಿ ಕ್ಯಾತಮ್ಮ ನೀರಿನ ಚೊಂಬು ಎತ್ತಿ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಕದರಪ್ಪ ಅಂದರೆ ಯಾರು ಎಂದು ಕೇಳಿದಳು. ನಮ್ಮ ಮನೆದೇವರು ಕದಿರಿ ನರಸಿಂಹಸ್ವಾಮಿ ಅಕ್ಕ, ದೇವರ ಹೆಸರಲ್ಲೇ ನೀರು ಕುಡಿಯುವುದು ಎಂದೆ. ಅವಳು ಚೊಂಬನ್ನು ಕಣ್ಣಿಗೊತ್ತಿಕೊಂಡು ಕೆಳಗಿಟ್ಟಳು. ಲೋಟದ ಮೇಲೆ ಬಸವೇಶ ಇದ್ದ. ಅವನನ್ನು ನಮ್ಮ ಅಣ್ಣನ ಮಗ ಮಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಆಗಲೇ ನನ್ನ ತಟ್ಟೆಯ ಅಂಚನ್ನು ಬೆರಳಿನಿಂದ ಮುಚ್ಚಿಕೊಂಡಿದ್ದೆ.

ಕ್ಯಾತಮ್ಮ ಮುದ್ದೆ ಮುರಿಯುತ್ತಾ ತಟ್ಟೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದಳು. ಅಂಚಿನ ಅಕ್ಷರಗಳು ಅವಳ ಮುಂದೆ ಬಂದು ನಿಂತವು. ದಿವಂಗತ ಬೋರಯ್ಯನವರ ಸ್ಮರಣಾರ್ಥ. ಅವಳ ಕೈ ಸಾರಿನಲ್ಲೇ ನಿಂತಿತು. ಗಂಗಾಲಕ್ಷ್ಮಿ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು, ಹಾಳಾದವಳಿಗೆ ನಗು ತಡೆಯಲಾಗಲಿಲ್ಲ.

"ಈ ಮನೇಲಿ ನಿಮ್ ಹೆಸ್ರಿರೋದು ಒಂದು ಲೋಟನಾದ್ರೂ ಐತಾ ಬೀಗ್ರೆ?" ಎಂದು ಕ್ಯಾತಮ್ಮ ಕೇಳಿದಳು. ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಕೆಲಸ ಕೆಟ್ಟಿತು, ಮಗಳು ಇನ್ನು ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ನಾನು ಬಾಯಿ ತೆರೆಯುವ ಮೊದಲೇ ಕದರಪ್ಪನ ಸೊಸೆ ಗಗನಾ ಮಗುವನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲಿಗೆ ಬಂದಳು. ಕೈಯಲ್ಲಿ ನಾನು ಕೊಟ್ಟಿದ್ದ ಗುಲಾಬಿ ಬಣ್ಣದ ಬಟ್ಟಲು. ಅದರಲ್ಲಿ ಮಗುವಿಗೆಂದು ಮಾಡಿದ ರಾಗಿಸರಿ ಇನ್ನೂ ಹೊಗೆಯಾಡುತ್ತಿತ್ತು. ನಮ್ಮ ಸ್ಟೀಲ್ ಬಟ್ಟಲು ಕೊಡಿ ಮಾವ, ಬಿಸಿ ಸುರಿದ ತಕ್ಷಣ ಇದು ಮೆತ್ತಗಾಯಿತು, ಏನೋ ವಾಸನೆ, ಮಗು ಎರಡು ತುತ್ತು ತಿಂದು ಉಗಿಯುತ್ತಿದೆ ಎಂದಳು. ನಾನು ಬಟ್ಟಲನ್ನು ಮೂಗಿಗೆ ಹಿಡಿದೆ. ಬೇಸಿಗೆಯಲ್ಲಿ ಆಟೋದ ಟಾರ್ಪಾಲು ಎತ್ತಿದಾಗ ಮುಖಕ್ಕೆ ರಾಚುವ ವಾಸನೆಯೇ ಅದು. ಮಗುವಿನ ತುಟಿಗೆಲ್ಲ ಸರಿ ಮೆತ್ತಿಕೊಂಡಿತ್ತು.

ನನಗೆ ಏನಾಯಿತೋ ಗೊತ್ತಿಲ್ಲ. ಬಟ್ಟಲನ್ನು ಅಂಗಳಕ್ಕೆ ಎಸೆದೆ. ಹೆಗಲ ಮೇಲಿದ್ದ ಟವೆಲಿನಿಂದ ಮಗುವಿನ ಬಾಯಿ ಒರೆಸಿದೆ. "ಬಿಸೀದು ಇದ್ರಾಗ್ ಹಾಕ್ತಾರೇನಮ್ಮ, ಅಷ್ಟೂ ಗೊತ್ತಾಗಲ್ವಾ ನಿಂಗೆ" ಎಂದು ಬೀದಿಗೆಲ್ಲ ಕೇಳುವಂತೆ ಬೈದೆ.

ಗಗನಾಳ ಕಣ್ಣು ತುಂಬಿತು. "ನೀವೇ ಕೊಟ್ಟಿದ್ದಲ್ವಾ ಮಾವ. ಚಿತ್ರಕ್ಕನ್ ಮಗಿಗ್ ಬ್ಯಾಡ ಅಂದಿದ್ದು ನನ್ ಮಗಿಗ್ ಆಯ್ತದಾ?" ಎಂದಳು.

ನನಗೆ ನಾಚಿಕೆಯಿಂದ ಸತ್ತಂತಾಯಿತು. ಗಂಗಾಲಕ್ಷ್ಮಿಯ ನಗುವೂ ನಿಂತಿತ್ತು.

ಕ್ಯಾತಮ್ಮ ಎಂಜಲು ಕೈ ತೊಳೆದು ಬಂದು, ಎರಡು ತುತ್ತಿಗೆ ಏನೂ ಆಗುವುದಿಲ್ಲ, ಇನ್ನು ಮುಂದೆ ಹಾಕಬೇಡ ಅಷ್ಟೇ ಎಂದು ಗಗನಾಗೆ ಸಮಾಧಾನ ಹೇಳಿದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀಲ್ ಬಟ್ಟಲಿನಲ್ಲಿ ಬೇರೆ ಸರಿ ತರಿಸಿ ತಾನೇ ತಿನ್ನಿಸಿದಳು. ನಾನು ಕಂಬ ಹಿಡಿದುಕೊಂಡು ನಿಂತೇ ಇದ್ದೆ. ಬಟ್ಟಲು ಖಾಲಿಯಾದ ಮೇಲೆ ನನ್ನ ಕಡೆ ನೋಡಿದಳು.

"ಬುಧವಾರ ಬಂದು ಕರ್ಕಂಡೋಗಿ. ಹಿಂಗ್ ಬೈಯೋರು ಒಬ್ರು ಮನೇಲ್ ಇರ್ಬೇಕು" ಎಂದಳು.

ಬುಧವಾರ ಚಿತ್ರಾ ಬಂದಳು. ಮಾರನೆಯ ವಾರ ಪಾವಗಡದ ಸಂತೆಯಲ್ಲಿ ಒಬ್ಬ ಹೆಂಗಸು ಟಿಫನ್ ಡಬ್ಬ ಎತ್ತಿಕೊಂಡು, ಇದರಲ್ಲಿ ವೇಡಿ ವೇಡಿ ಸಾರು ಪೋಯೊಚ್ಚಾ ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೇಳಿದಳು. ಬೇಳೆ ಹಾಕು, ಬಿತ್ತನೆ ಬೀಜ ಹಾಕು, ಬಿಸಿ ಸಾರು ಮಾತ್ರ ಹಾಕಬೇಡ, ಅದಕ್ಕೆ ಎದುರಿನ ಅಂಗಡಿಯಲ್ಲಿ ಸ್ಟೀಲಿಂದು ತಗೋ ಎಂದೆ. ಅವಳು ಡಬ್ಬ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ನಾನು ಕೂಲಿಗೆ ನಿಂತವನು ಎಂದುಕೊಂಡಳೋ ಏನೋ, ಹಿಂಗೆ ವ್ಯಾಪಾರ ಮಾಡಿದರೆ ನಿನ್ನ ಮಾಲೀಕ ಬಿಡುತ್ತಾನೇನಣ್ಣ ಎಂದು ಮರುಕದಿಂದ ಕೇಳಿದಳು.

"ಮಾಲೀಕನ್ ಮಗ್ಳು ಬಾಣಂತನಕ್ಕೆ ಮನೆಗ್ ಬಂದವ್ಳೆ ಕಣಮ್ಮ. ಅವ್ನು ಈಗ ಏನಂದ್ರೂ ಬೇಜಾರ್ ಮಾಡ್ಕಳಲ್ಲ" ಎಂದೆ.