ಗೇಟಿನಾಚೆ ನಿಂತ ರಾಡು

ನಮ್ಮ ಆಸ್ಪತ್ರೆಯ ಉಗ್ರಾಣದಷ್ಟು ಚೊಕ್ಕವಾದ ಉಗ್ರಾಣ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ಯಾಕೆಂದರೆ ಅಲ್ಲಿ ಏನೂ ಇರಲಿಲ್ಲ. ಜಿರಲೆಗಳು ಕೂಡ ಬದುಕುವ ದಾರಿ ಕಾಣದೆ, ನಾನು ನಡೆಸುವ ಲಿಫ್ಟ್ ಹತ್ತಿ, ಮೇಲಿನ ಕ್ಯಾಂಟೀನಿಗೆ ವರ್ಗ ಮಾಡಿಸಿಕೊಂಡು ಹೋದವು. ಸುಳ್ಳಲ್ಲ, ಬಾಗಿಲು ತೆಗೆದುಕೊಟ್ಟವನು ನಾನೇ.

ಈ ಸಾಧನೆ ಹೊಸದಾಗಿ ಬಂದ ಖರ್ಚು ತಗ್ಗಿಸುವ ಅಧಿಕಾರಿಯದು. ಬೆನ್ನ ಹಿಂದೆ ನಾವು ಉಳಿತಾಯ ಸಾಹೇಬರು ಅನ್ನುತ್ತಿದ್ದೆವು. ಯಾವ ಸಾಮಾನು ಯಾವ ಹೊತ್ತಿಗೆ ಬೇಕೋ ಅದೇ ಹೊತ್ತಿಗೆ ಗೇಟು ದಾಟಬೇಕು, ಮೊದಲೇ ಬಂದರೆ ಅದು ದಾಸ್ತಾನು, ದಾಸ್ತಾನು ಅಂದರೆ ದಂಡ ಎಂಬುದು ಅವರ ಕಟ್ಟಳೆ. ಖಾಲಿ ಉಗ್ರಾಣಕ್ಕೆ ಎಲ್ಲಿಂದಲೋ ಬಹುಮಾನವೂ ಬಂತು. ಆ ಫಲಕವನ್ನು ಉಗ್ರಾಣದಲ್ಲಿ ಇಡಲು ಸಾಹೇಬರು ಬಿಡಲಿಲ್ಲ. ಅದೂ ದಾಸ್ತಾನಾಗುತ್ತದಂತೆ.

ಹಾಗಾದರೆ ಸಾಮಾನೆಲ್ಲ ಎಲ್ಲಿ ಹೋಯಿತು? ಬೀದಿಗೆ. ಬೇಗ ಬಂದ ವ್ಯಾನುಗಳು ಕಾಂಪೌಂಡಿನ ಸುತ್ತ ಸಾಲುಗಟ್ಟಿ ನಿಂತವು. ಹತ್ತಿಯ ವ್ಯಾನು, ಸೂಜಿಯ ವ್ಯಾನು, ಕೈಗವಸಿನ ವ್ಯಾನು. ಹತ್ತಿ ವ್ಯಾನಿನ ಡ್ರೈವರು ಕಾದು ಕಾದು ಬೇಸತ್ತು ಸೂಜಿ ವ್ಯಾನಿನವನ ತಂಗಿಯನ್ನೇ ಮದುವೆಯಾದ. ಅವರ ಮಗು ಇವತ್ತಿಗೂ ಹಾರ್ನ್ ಸದ್ದು ಕೇಳದೆ ನಿದ್ದೆ ಮಾಡುವುದಿಲ್ಲ. ಕಾಯಿಸಿದ ವ್ಯಾನುಗಳಿಗೆ ಬಾಡಿಗೆ ಕೊಡುತ್ತಿದ್ದದ್ದು ಆಸ್ಪತ್ರೆಯೇ. ಆದರೆ ಅದು ಉಗ್ರಾಣದ ಖರ್ಚಲ್ಲ, ಹಾಗಾಗಿ ಸಾಹೇಬರ ಪಾಲಿಗೆ ಖರ್ಚೇ ಅಲ್ಲ.

ಅಕ್ಕ ಬಚ್ಚಲಲ್ಲಿ ಜಾರಿ ಬೀಳುವ ತನಕ ನಾನೂ ಇದಕ್ಕೆಲ್ಲ ನಗುತ್ತಿದ್ದೆ.

ಸೊಂಟದ ಮೂಳೆ ಮುರಿದಿತ್ತು. ರಾಡು ಹಾಕಬೇಕು, ತಡವಾದರೆ ಅವಳು ಮತ್ತೆ ನಡೆಯುವುದು ಅನುಮಾನ ಎಂದರು ಮೂಳೆ ಡಾಕ್ಟರು. ಆದರೂ ಆಪರೇಷನ್ ಮುಂದೆ ಮುಂದೆ ಹೋಯಿತು. ರಾಡು ಇಲ್ಲವಂತೆ. ಎಲ್ಲಿದೆ? ಅಕ್ಕನ ಕಿಟಕಿಯಿಂದಲೇ ಕಾಣುತ್ತಿತ್ತು, ಗೇಟಿನಾಚೆ ನಿಂತ ಹಸಿರು ವ್ಯಾನಿನಲ್ಲಿ. ಆಪರೇಷನ್ ಥಿಯೇಟರು ಸಿಕ್ಕಾಗ ವ್ಯಾನು ಒಳಬರುವ ಹೊತ್ತಾಗಿರುತ್ತಿರಲಿಲ್ಲ. ವ್ಯಾನಿನ ಹೊತ್ತಾದಾಗ ಥಿಯೇಟರಿನಲ್ಲಿ ಬೇರೆಯವರು ಮಲಗಿರುತ್ತಿದ್ದರು.

"ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ್ರಂತೆ," ಅಂದಳು ಅಕ್ಕ. "ಇವರು ಅಲೆಯೋದೂ ಇಲ್ಲ ಕಣೋ. ಬೆಣ್ಣೆಗೆ ಕಾವಲು ಕೂತಿದ್ದಾರೆ."

ನಾನು ಸಾಹೇಬರ ಕೋಣೆಗೆ ಹೋದೆ. "ಸಾರ್, ನಮ್ಮಕ್ಕನ ರಾಡು ಗೇಟಲ್ಲೇ ಇದೆ. ಒಳಗೆ ಬಿಡ್ಸಿ."

"ಆಪರೇಷನ್ ಶುರುವಾಯ್ತಾ?"

"ರಾಡಿಲ್ದೆ ಹೇಗೆ ಸಾರ್ ಶುರುವಾಗೋದು?"

"ಶುರುವಾಗ್ದೆ ರಾಡ್ ಯಾಕ್ರೀ ಬೇಕು?"

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಬಂದು ಅಕ್ಕನಿಗೆ ಹೇಳಿದೆ. ಅವಳು ಕಿಟಕಿಯಾಚೆ ನೋಡುತ್ತ ಮಲಗಿದ್ದಳು.

"ಸಾಮಾನು ಒಳಗೆ ಬರ್ಬಾರ್ದು, ಸರಿ. ರೋಗಿ ಹೊರಗೆ ಹೋಗ್ಬಾರ್ದು ಅಂತ ಏನಾದ್ರೂ ಇದ್ಯಾ?"

"ಇಲ್ಲಕ್ಕ. ಸ್ಕ್ಯಾನಿಂಗಿಗೆ ಆಚೆ ಕಳಿಸ್ತಾರಲ್ಲ."

"ಮತ್ತೆ ಮುಖ ಏನ್ ನೋಡ್ತೀಯೋ, ಸ್ಟ್ರೆಚರ್ ತಂದು ತಳ್ಳು."

ಪಕ್ಕದ ಮಂಚದ ರೋಗಿಯನ್ನು ನೋಡುತ್ತಿದ್ದ ಮೂಳೆ ಡಾಕ್ಟರು ಛಾವಣಿಯ ಫ್ಯಾನಿಗೆ ಹೇಳುವವರಂತೆ, "ನಾನೇನೂ ಕೇಳಿಸ್ಕೊಂಡಿಲ್ಲ. ಊಟ ಆದ್ಮೇಲೆ ಥಿಯೇಟರ್ ಖಾಲಿ ಇರತ್ತೆ ಅಂತಾನೂ ಹೇಳಿಲ್ಲ," ಎಂದು ರಾಡಿಗೆ ಚೀಟಿ ಬರೆದುಕೊಟ್ಟರು.

ಅಂಗಳದ ಒಂದೊಂದು ಕಲ್ಲಿಗೂ ಅಕ್ಕ ಹಲ್ಲು ಕಚ್ಚಿದಳು. ಹಸಿರು ವ್ಯಾನಿನವನು ಚೀಟಿ ನೋಡಿ, ಸೀಲು ಮಾಡಿದ ಪೆಟ್ಟಿಗೆಯನ್ನು ಅವಳ ಹೊದಿಕೆಯೊಳಗೆ ಇಟ್ಟ. "ನನ್ನ ಗಾಡಿಯಿಂದ ಒಂದು ಪೆಟ್ಟಿಗೆ ಇಳೀತಲ್ಲಣ್ಣ!" ಎಂದು ಕಣ್ಣೊರೆಸಿಕೊಂಡ.

ವಾಪಸ್ ಬರುವಾಗ ವಾಚ್‌ಮನ್ ತಡೆದ. "ಹೊದಿಕೆ ಒಳಗೆ ಏನಮ್ಮಾ ಅದು?"

"ನನ್ನ ಸೊಂಟ."

"ಇಷ್ಟು ಚೌಕವಾಗಿದೆ?"

"ಮುರಿದಿದೆ ಕಣಪ್ಪಾ. ದುಂಡಗಿರೋಕಾಗತ್ತಾ?"

ಸೊಂಟವನ್ನು ತಡೆಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಿಟ್ಟ. ಅವತ್ತು ಮಧ್ಯಾಹ್ನವೇ ಆಪರೇಷನ್ ಆಯಿತು.

ಅಕ್ಕ ವಾಕರ್ ಹಿಡಿದು ಮಂಚದ ಪಕ್ಕ ನಿಲ್ಲಲು ಕಲಿತ ದಿನ, ಉಳಿತಾಯ ಸಾಹೇಬರು ಫೋಟೋದವನನ್ನು ಕರೆದುಕೊಂಡು ವಾರ್ಡಿಗೆ ಬಂದರು. ವಿಷಯ ಗೊತ್ತಾಗಿದೆ, ನನ್ನ ಕೆಲಸ ಹೋಯಿತು ಅಂದುಕೊಂಡೆ. ಅವರು ನನ್ನ ಕೈ ಕುಲುಕಿದರು!

"ಅದ್ಭುತ ಕಣ್ರೀ! ಹೇಗೂ ಒಳಗೆ ಬರೋ ರೋಗಿ ತನ್ನ ಸಾಮಾನು ತಾನೇ ತಂದ್ರೆ ಸಾಗಿಸೋ ಖರ್ಚೇ ಇಲ್ಲ. ಬೆಳಿಗ್ಗೆಯಿಂದ ಜಾರಿ ಮಾಡಿದೀನಿ. ನೋಡಮ್ಮಾ, ಸ್ವಲ್ಪ ನಗು."

ಅಕ್ಕ ಕಿಟಕಿಯಿಂದ ಕೆಳಗೆ ನೋಡಿದಳು. ತುಂಬು ಬಸುರಿಯೊಬ್ಬಳು ಹತ್ತಿಯ ಮೂಟೆ ಹೊತ್ತು ಗೇಟು ದಾಟುತ್ತಿದ್ದಳು. ಅವಳ ಹಿಂದೆ ದಮ್ಮಿನ ಮುದುಕರೊಬ್ಬರು ಆಕ್ಸಿಜನ್ ಸಿಲಿಂಡರ್ ಉರುಳಿಸುತ್ತ, ನಡುನಡುವೆ ಅದಕ್ಕೇ ಒರಗಿ ಏದುಸಿರು ಬಿಡುತ್ತ ಬರುತ್ತಿದ್ದರು.

"ನಾನು ಮಾಡಿದ್ದು ಕಳ್ಳತನ ಕಣ್ರೀ," ಅಂದಳು ಅಕ್ಕ. "ನೀವು ಮಾಡಿಸಿದ ಕಳ್ಳತನ. ಅದನ್ನೇ ಕಾನೂನು ಮಾಡ್ತೀರಲ್ಲ, ನಾಚಿಕೆ ಆಗಲ್ವಾ?"

ವಾಕರ್ ಮುಂದಿಟ್ಟಳು. ಒಂದು ಹೆಜ್ಜೆ. ಫೋಟೋದವನು ಪಕ್ಕಕ್ಕೆ ಸರಿದ. ಇನ್ನೊಂದು. ನಾನು ಓಡಿಹೋಗಿ ಲಿಫ್ಟಿನ ಬಾಗಿಲು ಹಿಡಿದೆ. ಸಾಹೇಬರು "ಅವರಿಗೆ ನಡೆಯೋಕೆ ಅನುಮತಿ ಇದ್ಯಾ?" ಎಂದು ನರ್ಸಮ್ಮನನ್ನು ಕೇಳಿದರು. ಆ ತಾಯಿ ಅಕ್ಕನ ಬೆನ್ನಿಗೆ ಕೈ ಆಸರೆ ಕೊಟ್ಟು ತಾನೂ ಲಿಫ್ಟ್ ಹತ್ತಿದಳು.

ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಅಕ್ಕ ಬೆವರಿನಲ್ಲಿ ತೊಯ್ದುಹೋಗಿದ್ದಳು. ಮುದುಕರನ್ನು ವಾಚ್‌ಮನ್ನಿನ ಕುರ್ಚಿಯಲ್ಲಿ ಕೂರಿಸಿದಳು. ಬಸುರಿಯ ಮೂಟೆ ನನ್ನ ತಲೆಗೆ ಬಂತು.

"ಎರಡೂ ಬಾಗಿಲು ತೆಗಿಯಪ್ಪಾ," ಅಂದಳು ಅಕ್ಕ ವಾಚ್‌ಮನ್ನಿಗೆ.

"ಸಾಹೇಬ್ರು ಬೈತಾರಮ್ಮಾ."

"ಬೈಲಿ. ಇಲ್ಲಿಗೇ ಬಂದು ಬೈಲಿ. ನಾನು ನಿಂತಿರ್ತೀನಿ."

ಅವನು ತೆಗೆದ. ಬೀದಿಯ ವ್ಯಾನುಗಳೆಲ್ಲ ಒಟ್ಟಿಗೆ ಸ್ಟಾರ್ಟ್ ಆದವು.