ಅಚ್ಚು ಕೂರಿಸುವ ಗಂಡಸು ಬೇಕಾಗಿದ್ದಾನೆ

ಪುಂಜಾಲಕಟ್ಟೆಯ ಮುಂಡಪ್ಪ ಶೆಟ್ಟರ ಪ್ಲಾಸ್ಟಿಕ್ ಬಕೆಟ್ ಫ್ಯಾಕ್ಟರಿಯಲ್ಲಿ ಅಚ್ಚು ಕೂರಿಸಿ ಮೆಷಿನ್ ಹೊಂದಿಸಬಲ್ಲವನು ಅಸ್ಕರ್ ಒಬ್ಬನೇ. ಅವನು ಸೌದಿಯ ದಮ್ಮಾಮಿಗೆ ಹಾರಿದ ಮೇಲೆ ಮೆಷಿನ್ ನಿಂತಿತು. ಶೆಟ್ಟರು ಮೂಡುಬಿದಿರೆಯ ಉದ್ಯಮಿಗಳ ಸಭೆಗೆ ಹೋಗಿ, ಶಾಲು ಹೊದೆಸಿಕೊಂಡು, "ನಮ್ಮ ಕಡೆ ಕೌಶಲ್ಯ ಇದ್ದವರೇ ಇಲ್ಲ" ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿ ಬಂದರು.

ಅವರ ಮಗಳು ತೃಪ್ತಿ ಪಾಲಿಮರ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದಳು. ಓದಿಸಿದವರು ಶೆಟ್ಟರೇ; ಮದುವೆಯ ಬಯೋಡೇಟಾದಲ್ಲಿ ಲಕ್ಷಣವಾಗಿ ಕಾಣುತ್ತದೆಂದು.

"ಅಪ್ಪ, ಮೆಷಿನ್ ನಾನು ನೋಡ್ತೇನೆ," ಎಂದಳು.

"ಕೈಗೆ ಗ್ರೀಸ್ ಮೆತ್ತಿಕೊಂಡವಳನ್ನು ಯಾರು ಕಟ್ಟಿಕೊಳ್ತಾರೆ ಮಾರಾಯ್ತಿ? ಗಂಡಸು ಯಾರಾದರೂ ಬರ್ತಾನೆ."

ಬಂದವನು ಮುಂಡಾಜೆಯ ನೆಂಟರ ಹುಡುಗ ಅಶ್ವಿತ್. ಏಸಿ ರೂಮು ಕೇಳಿದ, ಸಿಕ್ಕಿತು. ಮಧ್ಯಾಹ್ನ ಶೆಟ್ಟರೇ ಕಾಣೆ ಮೀನು ಬಡಿಸಿದರು. ಉಂಡೆದ್ದವನು ಸ್ಪ್ಯಾನರನ್ನು ಅಚ್ಚಿನೊಳಗೇ ಬಿಟ್ಟು ಮೆಷಿನ್ನಿನ ಗುಂಡಿ ಒತ್ತಿದ. ಅಚ್ಚು ಸೀಳಿಹೋಯಿತು.

"ಪಾಪ, ಕಲಿಯುವ ವಯಸ್ಸು," ಎಂದರು ಶೆಟ್ಟರು.

ತೃಪ್ತಿ ಮರುದಿನ ಮೆಲ್ಕಾರಿನ ಬಸ್ಸು ಹತ್ತಿದಳು. ಅಲ್ಲಿ ಶಾಹುಲ್ ಹಮೀದರ ಪ್ಲಾಸ್ಟಿಕ್ ಕುರ್ಚಿಯ ಕಾರ್ಖಾನೆ.

"ಅಪ್ಪನಿಗೆ ಗೊತ್ತುಂಟಾ?" ಎಂದು ಹಮೀದರು ಕೇಳಿದರು.

"ಗೊತ್ತಾಗ್ತದೆ."

ಹಮೀದರು ಸುಧಾರಕರೇನಲ್ಲ, ಅವರ ಮೆಷಿನೂ ನಿಂತಿತ್ತು, ಅಷ್ಟೆ. ತೃಪ್ತಿಯ ಮೊದಲ ಕುರ್ಚಿ ಸೊಟ್ಟಗಾಲಲ್ಲಿ ಹುಟ್ಟಿತು. ಅವಳು ಬಿಸಿ ತಗ್ಗಿಸಿ, ಒತ್ತಡ ಹೆಚ್ಚಿಸಿ, ಸಂಜೆಯ ಹೊತ್ತಿಗೆ ನೆಟ್ಟಗೆ ನಿಲ್ಲುವ ಕುರ್ಚಿ ತೆಗೆದಳು. ಅದರ ಮೇಲೆ ತಾನೇ ಕೂತು ಒಬ್ಬಳೇ ನಕ್ಕಳು.

ಸುದ್ದಿ ಕೇಳಿ ಶೆಟ್ಟರು ಕಾರಿನಲ್ಲಿ ಬಂದರು. "ಮನೆಗೆ ಹೋಗುವ. ನಮ್ಮದೇ ಮೆಷಿನ್ ಉಂಟಲ್ಲ."

"ಬರ್ತೇನೆ. ಅಸ್ಕರನಿಗೆ ಕೊಡ್ತಿದ್ದ ಸಂಬಳ ನನಗೆ ಕೊಡಿ. ಕಲಿಯಲಿಕ್ಕೆ ಇಬ್ಬರು ಹುಡುಗಿಯರನ್ನೂ ತೆಗೆದುಕೊಳ್ಳಿ."

"ಮಗಳಿಗೆ ಸಂಬಳವಾ?"

"ಮಗಳಿಗಲ್ಲ, ಮೆಕ್ಯಾನಿಕ್‌ಗೆ."

ಶೆಟ್ಟರು ಬೆಂಬಲಕ್ಕಾಗಿ ಹಮೀದರತ್ತ ನೋಡಿದರು. ಹಮೀದರು ಗಂಟಲು ಸರಿಮಾಡಿಕೊಂಡರು. "ಇಲ್ಲಿ ಅವಳ ಸಂಬಳ ಏರಿಸಿದ್ದೇನೆ ಶೆಟ್ರೇ."

"ಯಾವಾಗ?"

"ಈಗ."

"ಯೋಚಿಸಿ ಹೇಳ್ತೇನೆ," ಎಂದು ಶೆಟ್ಟರು ಕಾರು ಹತ್ತಿದರು. ಇನ್ನೂ ಯೋಚಿಸುತ್ತಿದ್ದಾರೆ. ಹಮೀದರು ಈ ನಡುವೆ ಬಕೆಟ್ಟಿನ ಅಚ್ಚೊಂದನ್ನು ತರಿಸಿದ್ದಾರೆ. ಶೆಟ್ಟರ ಹಳೆಯ ಗಿರಾಕಿಗಳು ಈಗ ಮೆಲ್ಕಾರಿಗೇ ಬರುತ್ತಾರೆ. ತೃಪ್ತಿ ಅಲ್ಲಿ ಹಫ್ಸ, ವಿಜೇತಾ ಎಂಬ ಇಬ್ಬರು ಹುಡುಗಿಯರಿಗೆ ಅಚ್ಚಿನ ಬೋಲ್ಟು ಬಿಗಿಯುವುದನ್ನು ಕಲಿಸುತ್ತಿದ್ದಾಳೆ.