ಕೆಳಗೆ ನಿಲ್ಲುವವನು

ಬಡ್ತಿ ಬಂದರೆ ಊರಿಗೆಲ್ಲ ಸಿಹಿ ಹಂಚುವವರನ್ನು ಕಂಡಿದ್ದೇವೆ. ಬಡ್ತಿ ಬೇಡ ಎಂದು ಬರೆದುಕೊಡಲು ಮೂರು ದಿನದಿಂದ ಒದ್ದಾಡುತ್ತಿದ್ದವನನ್ನು ನೋಡಬೇಕಿದ್ದರೆ ತೊಂಬತ್ತನಾಲ್ಕರಲ್ಲಿ ಹನೂರಿನ ಕರೆಂಟ್ ಆಫೀಸಿಗೆ ಬರಬೇಕಿತ್ತು. ಅವನೇ ಲೈನ್‌ಮನ್ ಮಣಿಕಂಠ. ಇಪ್ಪತ್ತೆಂಟರ ವಯಸ್ಸು, ಐಟಿಐ ಓದಿದವನು. ಕಂಬ ಹತ್ತುವುದರಲ್ಲಿ ಸುತ್ತಮುತ್ತ ಅವನಿಗೆ ಸರಿಸಾಟಿ ಇರಲಿಲ್ಲ.

ಓವರ್‌ಸಿಯರ್ ಚಿಕ್ಕಸಿದ್ದಯ್ಯ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಮಣಿಕಂಠನ ಹೆಸರು ಬಂದಿತ್ತು. ಒಪ್ಪುತ್ತಾನೋ ಇಲ್ಲವೋ, ಶನಿವಾರದೊಳಗೆ ಕೊಳ್ಳೇಗಾಲದ ಕಚೇರಿಗೆ ಬರೆದು ಮುಟ್ಟಿಸಬೇಕು. ಅವನ ವಯಸ್ಸಿನ ಜೊತೆಗಾರರದೆಲ್ಲ ಒಂದೇ ರಾಗ: ಮೇಲಿನವರಿಂದ ಬೈಸಿಕೊಳ್ಳಬೇಕು, ಕೆಳಗಿನವರನ್ನು ಬೈಯಬೇಕು, ಯಾರಿಗೆ ಬೇಕು ಊರ ಉಸಾಬರಿ? ಮಣಿಕಂಠನ ಕಣ್ಣಿಗಂತೂ ಓವರ್‌ಸಿಯರ್ ಎಂದರೆ ಕಂಬದ ಬುಡದಲ್ಲಿ ನಿಂತು ಆಕಾಶ ನೋಡುವವನು. ಅದಕ್ಕೂ ಸಂಬಳವೇ ಎಂದು ನಗುತ್ತಿದ್ದ. ನಿಜ ಹೇಳಬೇಕೆಂದರೆ ಆ ನಗುವಿನ ಹಿಂದೆ ಭಯವಿತ್ತು. ಹತ್ತುವುದನ್ನು ಬಿಟ್ಟರೆ ತಾನು ಯಾವ ಕೆಲಸಕ್ಕೂ ಬಾರದವನಾಗಿಬಿಟ್ಟರೆ?

ಶುಕ್ರವಾರ ಬೆಳಿಗ್ಗೆ ಪತ್ರ ಬರೆದು ಚಿಕ್ಕಸಿದ್ದಯ್ಯನವರ ಮುಂದೆ ಹಿಡಿದ.

"ಬ್ಯಾಡ ಅಂತ ಬರ್ದಿವ್ನಿ ಸಾ."

ಅವರು ಓದಲೂ ಹೋಗಲಿಲ್ಲ. "ನಾಳೆ ಕೊಡೀವಂತೆ. ಶಾಗ್ಯದಲ್ಲಿ ತೆಂಗಿನ ಗರಿ ಬಿದ್ದು ವೈರ್ ತುಂಡಾಗೈತಂತೆ. ಶಂಕರ್ ಹತ್ಲಿ, ಇವತ್ತೊಂದಿನ ನನ್ ಜಾಗದಲ್ಲಿ ನೀ ನಿಂತ್ಕ. ಆಮೇಲೆ ಬೇಕಾದ್ರೆ ಬ್ಯಾಡ ಅನ್ನು ಕಣ್ಲಾ."

ಶಂಕರ್ ಹೋದ ವರ್ಷ ಕೆಲಸಕ್ಕೆ ಸೇರಿದ ಹುಡುಗ. ಇಬ್ಬರೂ ಶಾಗ್ಯ ಮುಟ್ಟಿದೊಡನೆ ಮಣಿಕಂಠ ಟ್ರಾನ್ಸ್‌ಫಾರ್ಮರಿನ ಫ್ಯೂಸುಗಳನ್ನು ಕಿತ್ತು ಚೀಲಕ್ಕೆ ಹಾಕಿ ಬಗಲಿಗೇರಿಸಿದ. ಶಂಕರ್ ತೆಂಗಿನ ತೋಟದಾಚೆ, ಅಲ್ಲಿಂದ ಕಣ್ಣಿಗೆ ಕಾಣದ ಕಂಬದತ್ತ ನಡೆದ.

ಹನೂರಿನ ಲೈನ್‌ಮನ್ನರಲ್ಲಿ ಒಂದು ಪದ್ಧತಿ ಇತ್ತು. ಫ್ಯೂಸ್ ಚೀಲ ಕೆಳಗಿದ್ದವನ ಬಗಲಲ್ಲೇ ಇರಬೇಕು. ಹತ್ತಿದವನು ಇಳಿದು ಬಂದು, ಎದುರು ನಿಂತು, ತನ್ನ ಕೈಯಾರೆ ಆ ಚೀಲದಿಂದ ಫ್ಯೂಸ್ ತೆಗೆದುಕೊಡಬೇಕು. ಅಲ್ಲಿಯವರೆಗೆ ಬ್ರಹ್ಮನೇ ಬಂದು ಹೇಳಿದರೂ ಕರೆಂಟ್ ಕೊಡುವಂತಿಲ್ಲ. ಆರು ವರ್ಷ ಮಣಿಕಂಠ ಹಾಗೆ ತೆಗೆದುಕೊಟ್ಟಿದ್ದ. ಚೀಲ ಹೊತ್ತು ನಿಂತಿರುತ್ತಿದ್ದ ಚಿಕ್ಕಸಿದ್ದಯ್ಯನವರ ಮುಖವನ್ನು ಮಾತ್ರ ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

ಮಾರನೆಯ ದಿನ ಆ ಊರಿನ ಗುರುಮಲ್ಲಪ್ಪನವರ ಮನೆಯಲ್ಲಿ ಮದುವೆ. ಉದ್ದು ನೆನೆದಿದೆ, ಬಾಡಿಗೆಯ ಗ್ರೈಂಡರ್ ಬಂದು ಕೂತಿದೆ, ಕರೆಂಟ್ ಇಲ್ಲ. ಗಂಟೆ ಕಳೆಯುವಷ್ಟರಲ್ಲಿ ಟ್ರಾನ್ಸ್‌ಫಾರ್ಮರಿನ ಸುತ್ತ ಅರ್ಧ ಊರೇ ನೆರೆಯಿತು. ಅಷ್ಟರಲ್ಲಿ ತೋಟದ ಕಡೆಯಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದ.

"ವೈರ್ ಜೋಡ್ಸಾಯ್ತು! ಹತ್ತಿದ್ ಹುಡ್ಗ ಇಳಿದ ಕಣ್ರಿ, ನಾನೇ ಕಣ್ಣಾರೆ ಕಂಡೆ!"

"ಆಕಪ್ಪ ಮತ್ತೆ ಫ್ಯೂಸ," ಅಂದರು ಗುರುಮಲ್ಲಪ್ಪ.

"ಅವ್ನೇ ಬರ್ಬೇಕು."

"ಇಳಿದ ಅಂತ ಏಳ್ತಾವ್ನಲ್ಲಾ! ನಮ್ಮೂರೋರೇನು ಸುಳ್ಳುಗಾರ್ರಾ?"

ಹತ್ತು ಬಾಯಿ ಸೇರಿದರೆ ಕೇಳಬೇಕೆ? ಇವನಿಗೆ ಲಂಚ ಬೇಕಂತೆ ಎಂದು ಒಬ್ಬ, ಇವನಿಗೆ ಕೆಲಸವೇ ಗೊತ್ತಿಲ್ಲ ಎಂದು ಇನ್ನೊಬ್ಬ. ತಾನೇ ಹೋಗಿ ನೋಡಿ ಬರೋಣವೆಂದರೆ, ಅತ್ತ ತಿರುಗಿದೊಡನೆ ತಂತಿ ತುಂಡು ಸಿಕ್ಕಿಸಿ ಕರೆಂಟ್ ಎಳೆಯುವ ಜಾಣರಿಗೆ ಅಲ್ಲೇನೂ ಬರವಿರಲಿಲ್ಲ. ಗುರುಮಲ್ಲಪ್ಪನವರ ಕೈ ಚೀಲದತ್ತ ಬಂತು. ಮಣಿಕಂಠ ಚೀಲವನ್ನು ಎದೆಗವಚಿಕೊಂಡ. ಮೂವತ್ತಡಿ ಕಂಬದ ತುದಿಯಲ್ಲಿ ಒಂದು ದಿನವೂ ನಡುಗದ ಅವನ ಮಂಡಿಗಳು ನೆಲದ ಮೇಲೆ ಗಡಗಡ ನಡುಗುತ್ತಿದ್ದವು. ಕೊಟ್ಟುಬಿಟ್ಟರೆ ಎಲ್ಲರೂ ಸುಮ್ಮನಾಗುತ್ತಾರೆ, ಕೊಟ್ಟುಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿದ್ದೂ ಉಂಟು.

"ನನ್ನ ಒಡುದ್ರೂ ಸೈ, ಅವ್ನು ಬರೋಗಂಟ ಕೊಡಾಕಿಲ್ಲ," ಅಂದ.

ಇಪ್ಪತ್ತು ನಿಮಿಷ ಕಳೆದ ಮೇಲೆ ಶಂಕರ್ ಬೆವರು ಒರೆಸಿಕೊಳ್ಳುತ್ತಾ ಬಂದ.

"ತಡ ಆಯ್ತಾ ಅಣ್ಣ? ಆಗ್ಲೇ ಇಳ್ದಿದ್ದೆ. ಪಕ್ಕದ ಕಂಬದಲ್ಲೂ ವೈರ್ ಸಡ್ಲ ಕಾಣ್ತು. ಮತ್ತೆ ಹತ್ತಿ ಬಿಗಿ ಮಾಡ್ಬುಟ್ಟು ಬಂದೆ."

ಸೈಕಲ್ಲಿನವನ ಮುಖ ಬಿಳಿಚಿಕೊಂಡಿತು. ಗುರುಮಲ್ಲಪ್ಪ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು. ಮಣಿಕಂಠನಿಗೆ ಎಲ್ಲಿತ್ತೋ ಸಿಟ್ಟು.

"ನಂಗೊಂದ್ ಮಾತು ಏಳ್ದೆ ಯಾಕ್ಲಾ ಹತ್ದೆ?"

"ಕೆಳ್ಗೆ ನೀನಿದ್ದಲ್ಲಣ್ಣ," ಅಂದ ಶಂಕರ್, ಇದೂ ಕೇಳುವ ಮಾತೇ ಎನ್ನುವಂತೆ. ಚೀಲಕ್ಕೆ ಕೈ ಹಾಕಿ ಫ್ಯೂಸುಗಳನ್ನು ಒಂದೊಂದಾಗಿ ತೆಗೆದುಕೊಟ್ಟ.

ಸಂಜೆ ಆಫೀಸಿಗೆ ಬಂದವನೇ ಮಣಿಕಂಠ ಚಿಕ್ಕಸಿದ್ದಯ್ಯನವರ ಮುಂದೆ ಹೋಗಿ ನಿಂತ.

"ಒಪ್ಕತೀನಿ ಸಾ. ನೀವು ಇರೋಗಂಟ ಹೆಂಗೆ ನಿಲ್ಬೇಕು ಅಂತ ಏಳ್ಕೊಡಿ. ನಂಗೆ ಕಾಲು ನಡುಗ್ಬುಡ್ತು. ನಿಮ್ಗೂ ಯಾವತ್ತಾರ ನಡುಗಿತ್ತಾ?"

ಮುದುಕರು ನಕ್ಕರು. "ಯಾವತ್ತಾರ ಏನ್ ಬಂತು? ಆರು ವರ್ಸದಿಂದ, ನೀ ಹತ್ತಿದಾಗೆಲ್ಲ."

ಮಾರನೆಯ ದಿನ ಮೊದಲ ಬಸ್ಸಿಗೇ ಮಣಿಕಂಠ ಕೊಳ್ಳೇಗಾಲಕ್ಕೆ ಹೋಗಿ ಒಪ್ಪಿಗೆ ಬರೆದುಕೊಟ್ಟು ಬಂದ.